ನಮ್ಮ ಕಡಲಿಗೆ ಎಂಥ ಹಾಯಿದೋಣಿ?

ಪ್ರಶ್ನೆ: ನಾನು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರ, ವಯಸ್ಸು 51. ಮಗ ತೋಟದ ಜವಾಬ್ದಾರಿ ಹೊರುವಷ್ಟಾಗಿದ್ದಾನೆ. ಇನ್ನೆರಡು ವರ್ಷದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಹಾಯಿದೋಣಿ ಕೊಂಡು, ನಾನೂ ನನ್ನ ಮನೆಯವರೂ ಇಬ್ಬರೇ ಮಂಗಳೂರಿನಿಂದ ಗೋವಾ, ಕೊಚ್ಚಿ ಅಂತ ಓಡಾಡಬೇಕು, ಧೈರ್ಯ ಕೂಡಿದರೆ ಲಕ್ಷದ್ವೀಪಕ್ಕೂ ಹೋಗಬೇಕು ಅನ್ನುವ ಆಸೆ. ಎರಡು ದೋಣಿಗಳ ವಿವರ ತರಿಸಿದ್ದೇನೆ. ಮೊದಲನೆಯದು 1970ರ ದಶಕದ್ದು: ಉದ್ದ 32 ಅಡಿ, ನೀರಗೆರೆಯಲ್ಲಿ (ತೇಲುವಾಗ ನೀರು ಮುಟ್ಟುವ ಮಟ್ಟದಲ್ಲಿ) 24.5 ಅಡಿ, ಅಗಲ 9 ಅಡಿ 9 ಅಂಗುಲ, ತೂಕ 6,000 ಕೆ.ಜಿ., ಅದರಲ್ಲಿ ಬ್ಯಾಲಸ್ಟ್ (ದೋಣಿ ನೆಟ್ಟಗಿರಲು ತಳದಲ್ಲಿಟ್ಟ ಸೀಸ ಅಥವಾ ಕಬ್ಬಿಣದ ಭಾರ) 2,400 ಕೆ.ಜಿ., ಉದ್ದ ಕೀಲ್ (ತಳದ ಉದ್ದಕ್ಕೂ ಚಾಚಿದ ಏಣು), ನೀರಿನಲ್ಲಿ ಇಳಿಯುವ ಆಳ 1.45 ಮೀಟರ್, ಹಾಯಿ 44 ಚದರ ಮೀಟರ್. ಎರಡನೆಯದು ಹತ್ತು ವರ್ಷ ಹಳೆಯದು: ಉದ್ದ 34 ಅಡಿ, ನೀರಗೆರೆಯಲ್ಲಿ 30 ಅಡಿ, ಅಗಲ 11 ಅಡಿ 8 ಅಂಗುಲ, ತೂಕ 5,200 ಕೆ.ಜಿ., ಬ್ಯಾಲಸ್ಟ್ 1,450 ಕೆ.ಜಿ., ಫಿನ್ ಕೀಲ್ (ಮೀನಿನ ರೆಕ್ಕೆಯಂತೆ ನಡುವೆ ಮಾತ್ರ ಇಳಿಬಿದ್ದದ್ದು), ಆಳ 1.95 ಮೀಟರ್, ಹಾಯಿ 56 ಚದರ ಮೀಟರ್. ಮೊದಲನೆಯದು ಬಂಡೆಯ ಹಾಗಿದೆ, ಏನೂ ಆಗಲ್ಲ ಅಂತಾರೆ. ಎರಡನೆಯದರ ಒಳಗೆ ಮನೆಯಷ್ಟು ಜಾಗ. ಯಾವುದು ಸುರಕ್ಷಿತ? ಈ ಅಂಕಿಗಳನ್ನು ಓದುವುದು ಹೇಗೆ?

ಉತ್ತರ: ಎರಡೂ ಬೇಡ. ಮೊದಲನೆಯದನ್ನು ಬಿರುಗಾಳಿಯ ಕಥೆ ಓದಿದವರು ಕೊಳ್ಳುತ್ತಾರೆ. ಎರಡನೆಯದನ್ನು, ದಡಕ್ಕೆ ಕಟ್ಟಿ ನಿಲ್ಲಿಸಿದ್ದಾಗ ಒಳಗೆ ಹೋಗಿ ಸೋಫಾದ ಮೇಲೆ ಕೂತು ನೋಡಿದವರು ಕೊಳ್ಳುತ್ತಾರೆ. ನೀವು ಹೋಗಬೇಕೆಂದಿರುವ ಕಡಲು ಬೇರೆ ಥರದ್ದು. ಆದರೆ ಇಷ್ಟು ಹೇಳಿ ಕೈತೊಳೆದುಕೊಂಡರೆ ಮೂರನೇ ದೋಣಿ ಎದುರಿಗೆ ಬಂದಾಗ ನೀವು ಮತ್ತೆ ಮಾರುವವರ ಮಾತಿಗೇ ಕಿವಿಗೊಡಬೇಕಾಗುತ್ತದೆ. ಹಾಗಾಗಿ ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇನೆ. ನಾನು ಹುಟ್ಟಿದ್ದು ಅರಕಲಗೂಡು ಸೀಮೆಯಲ್ಲಿ, ಸಮುದ್ರ ಕಂಡದ್ದು ಇಪ್ಪತ್ತನೇ ವಯಸ್ಸಿಗೆ. ಆಮೇಲೆ ಮೂವತ್ತು ವರ್ಷ ಹಡಗು ದೋಣಿಗಳ ನಕ್ಷೆ ಬರೆದೇ ಹೊಟ್ಟೆ ಹೊರೆದವನು. ಘಟ್ಟದ ಮೇಲಿನವರಿಗೆ ಕಡಲು ಅರ್ಥವಾಗುವುದಿಲ್ಲ ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ. ರಾಗಿ ತೂರುವವನಿಗೆ ಗೊತ್ತಿರುವಷ್ಟು ಗಾಳಿ ಎಷ್ಟೋ ಜನ ದೋಣಿ ಮಾರುವವರಿಗೆ ಗೊತ್ತಿರುವುದಿಲ್ಲ.

ಮೊದಲು ದೋಣಿ ಮಗುಚುವ ವಿಷಯ. ನಿಮ್ಮ ಭಯವೂ ಅದೇ ಇರಬೇಕು.

ಶೆಟ್ಟಿಹಳ್ಳಿಯ ಹತ್ತಿರ ಹೇಮಾವತಿ ಹಿನ್ನೀರಿನಲ್ಲಿ ಹರಿಗೋಲು ಹತ್ತಿರುತ್ತೀರಿ. ಒಂದು ಪಕ್ಕಕ್ಕೆ ಸರಿದು ಕೂತರೆ ಅದು ಸ್ವಲ್ಪ ವಾಲಿ ಅಲ್ಲೇ ನಿಲ್ಲುತ್ತದೆ. ವಾಲಿದ ಕಡೆ ಅಗಲವಾದ ತಳ ಇನ್ನಷ್ಟು ನೀರಿಗೆ ಒತ್ತಿಕೊಂಡು, ನೀರು ಅದನ್ನು ವಾಪಸು ಎತ್ತುತ್ತದೆ. ಇದು ಆಕಾರದಿಂದ ಬರುವ ಸ್ಥಿರತೆ. ಇನ್ನೊಂದು ಥರದ್ದು ತಂಜಾವೂರು ಗೊಂಬೆಯದ್ದು. ಅದರ ತಳ ಚಪ್ಪಟೆಯೇನಲ್ಲ, ಬುಡದಲ್ಲಿ ಭಾರವಿದೆ, ಅಷ್ಟೆ. ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಬಾಗುತ್ತದೆ, ಪೂರ್ತಿ ಮಲಗಿಸಿದರೂ ಎದ್ದು ನಿಲ್ಲುತ್ತದೆ. ಇದು ಭಾರದಿಂದ ಬರುವ ಸ್ಥಿರತೆ. ಪ್ರತಿ ಹಾಯಿದೋಣಿಯಲ್ಲೂ ಎರಡೂ ಸ್ವಲ್ಪ ಸ್ವಲ್ಪ ಬೆರೆತಿರುತ್ತವೆ. ನಿಮ್ಮ ಎರಡನೇ ದೋಣಿ ಹರಿಗೋಲಿನ ಕಡೆಯದು, ಮೊದಲನೆಯದು ಗೊಂಬೆಯ ಕಡೆಯದು.

ಹತ್ತು, ಹದಿನೈದು ಡಿಗ್ರಿ ವಾಲುವವರೆಗೆ ಅಗಲದ ದೋಣಿಯೇ ಗಟ್ಟಿ ಅನ್ನಿಸುತ್ತದೆ. ಬಂದರಿನಲ್ಲಿ ಅರ್ಧ ಗಂಟೆ ಸುತ್ತಾಡಿಸಿ ತೋರಿಸುವವರಿಗೆ ಇದು ಚೆನ್ನಾಗಿ ಗೊತ್ತು. ಅರವತ್ತು ಡಿಗ್ರಿ ದಾಟಿದ ಮೇಲೆ ಅಗಲದ ಸಹಾಯ ತೀರಿಹೋಗುತ್ತದೆ, ಕೆಳಗಿರುವ ಭಾರ ಮಾತ್ರ ಎಳೆಯುತ್ತಿರುತ್ತದೆ. ಒಂದು ಕೋನದಲ್ಲಿ ಅದೂ ಸೋಲುತ್ತದೆ. ಅಲ್ಲಿಂದ ಮುಂದೆ ದೋಣಿ ಏಳುವುದಿಲ್ಲ, ಬೋರಲಾಗುತ್ತದೆ. ಆ ಕೋನವನ್ನು ಸ್ಥಿರತೆ ಸೊನ್ನೆಯಾಗುವ ಕೋನ ಅನ್ನೋಣ. ಕರಾವಳಿ ಬಿಟ್ಟು ಹೊರಗೆ ಹೋಗುವ ಒಂಟಿ ಒಡಲಿನ ದೋಣಿಗೆ ಅದು 120 ಡಿಗ್ರಿಗೆ ಕಡಿಮೆ ಇರಬಾರದು ಅನ್ನುವುದು ನನ್ನ ಪಟ್ಟು. ಅಂಬಿಗರು ಮಳೆ ಬಂದಾಗ ಹರಿಗೋಲನ್ನು ದಡದಲ್ಲಿ ಬೋರಲು ಹಾಕಿ ಅದರಡಿ ಕೂರುವುದನ್ನು ನೋಡಿದ್ದೀರಲ್ಲ, ಬೋರಲು ಬಿದ್ದಾಗಲೂ ಅದು ಅಷ್ಟೇ ಭದ್ರ. ಸಮುದ್ರದ ಮಧ್ಯೆ ಆಗುವ ಅನಾಹುತವೂ ಅದೇ: ಅಗಲವಾದ ಚಪ್ಪಟೆ ದೋಣಿ ತಲೆಕೆಳಗಾದ ಮೇಲೂ ನೆಮ್ಮದಿಯಾಗಿ ತೇಲುತ್ತಿರುತ್ತದೆ.

ಈ ಲೆಕ್ಕಗಳಿಗೆಲ್ಲ ಮಹತ್ವ ಬಂದದ್ದು 1979ರಲ್ಲಿ. ನಮ್ಮ ಗೊರೂರು ಅಣೆಕಟ್ಟು ಮುಗಿದ ವರ್ಷವೇ ಅದು. ಆಗಸ್ಟ್‌ನಲ್ಲಿ ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಫಾಸ್ಟ್‌ನೆಟ್ ಪಂದ್ಯಕ್ಕೆ ಹೊರಟ 303 ದೋಣಿಗಳು ಬಿರುಗಾಳಿಗೆ ಸಿಕ್ಕವು. ಪಂದ್ಯದಲ್ಲಿದ್ದ 15 ನಾವಿಕರು ಸತ್ತರು. ಅತಿ ಸಣ್ಣ ವರ್ಗದಲ್ಲಿ ಗುರಿ ಮುಟ್ಟಿದ್ದು ಒಂದೇ ಒಂದು ದೋಣಿ, ಅಸೆಂಟ್ ಎಂಬ ಹೆಸರಿನ ಕಾಂಟೆಸ್ಸಾ 32. ಒಂಬತ್ತೂವರೆ ಅಡಿ ಅಗಲದ, ಒಟ್ಟು ತೂಕದಲ್ಲಿ ಅರ್ಧಕ್ಕೆ ಹತ್ತಿರ ಕೀಲಿನಲ್ಲೇ ಇದ್ದ ದೋಣಿ ಅದು. ಆಮೇಲೆ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಮಾದರಿ ದೋಣಿಗಳನ್ನಿಟ್ಟು ಪರೀಕ್ಷೆ ಮಾಡಿದರು. ಅಡ್ಡಲಾಗಿ ಬಂದು ಒಡೆಯುವ ಅಲೆಯ ಎತ್ತರ ದೋಣಿಯ ಉದ್ದದ ಶೇ. 30ರಷ್ಟಿದ್ದರೂ ಕೆಲವು ದೋಣಿಗಳು ಮಗುಚಿದವು. ಶೇ. 60ಕ್ಕೆ ಬಂದರೆ ಯಾವುದೂ ಉಳಿಯಲಿಲ್ಲ. ಅಂದರೆ ಬರೀ ಗಾಳಿ ದೋಣಿಯನ್ನು ಮಗುಚುವುದು ಅಪರೂಪ, ಮಗುಚುವುದು ಒಡೆಯುವ ಅಲೆ.

ಆ ದುರಂತದ ನಂತರ ಹುಟ್ಟಿದ ಒಂದು ಸುಲಭ ಸೂತ್ರವಿದೆ. ದೋಣಿಯ ತೂಕವನ್ನು ಪೌಂಡಿನಲ್ಲಿ ತೆಗೆದುಕೊಂಡು 64ರಿಂದ ಭಾಗಿಸಿ, ಘನಮೂಲ ತೆಗೆಯಿರಿ. ಅಡಿಯಲ್ಲಿರುವ ಅಗಲವನ್ನು ಆ ಸಂಖ್ಯೆಯಿಂದ ಭಾಗಿಸಿ. ಉತ್ತರ 2ಕ್ಕಿಂತ ಕಡಿಮೆ ಬರಬೇಕು. ನಿಮ್ಮ ಮೊದಲ ದೋಣಿಗೆ 1.65 ಬರುತ್ತದೆ, ಎರಡನೆಯದಕ್ಕೆ 2.07. ಇದನ್ನು ನೋಡಿ ಎರಡನೆಯದನ್ನು ತಳ್ಳಿಹಾಕುವ ಮುಂಚೆ ಸೂತ್ರದ ಕುರುಡುತನವೂ ತಿಳಿದಿರಲಿ: ಭಾರ ಎಲ್ಲಿದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಸೀಸವನ್ನೆಲ್ಲ ಹಾಯಿಕಂಬದ ತುದಿಗೆ ಕಟ್ಟಿದರೂ ಅದು ಅದೇ ಉತ್ತರ ಕೊಡುತ್ತದೆ. 1,450 ಕೆ.ಜಿ. ಎರಡು ಮೀಟರ್ ಕೆಳಗಿದ್ದರೆ 2,000 ಕೆ.ಜಿ. ಒಂದು ಮೀಟರ್ ಕೆಳಗಿರುವುದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಆದ್ದರಿಂದ ಮಾರುವವರ ಹತ್ತಿರ ಕೇಳಬೇಕಾದದ್ದು ಸ್ಥಿರತೆಯ ಗ್ರಾಫ್, ಅಂದರೆ ಎಷ್ಟು ವಾಲಿದಾಗ ದೋಣಿಗೆ ಮೇಲೇಳುವ ಶಕ್ತಿ ಎಷ್ಟಿದೆ ಅಂತ ತೋರಿಸುವ ನಕ್ಷೆ. ಕೊಡದೆ ಮಾತು ಮರೆಸಿದರೆ ಚಹಾ ಕುಡಿದು ಎದ್ದು ಬನ್ನಿ.

ಇಷ್ಟು ಓದಿ, ಹಾಗಾದರೆ ಭಾರದ ದೋಣಿಯೇ ಸರಿ ಅಂತ ನೀವು ತೀರ್ಮಾನಕ್ಕೆ ಬಂದಿರುತ್ತೀರಿ. ಹೆಚ್ಚಿನವರು ಎಡವುವುದು ಇಲ್ಲೇ.

ಉದ್ದ ಕೀಲಿನ ಭಾರದ ದೋಣಿಗೆ ಒಂದು ದೊಡ್ಡ ವಂಶವಿದೆ, ಅದರಲ್ಲಿ ನಮ್ಮ ದೇಶದ ಮರವೂ ಸೇರಿದೆ. 1968ರ ಜೂನ್ 14ರಂದು ರಾಬಿನ್ ನಾಕ್ಸ್–ಜಾನ್‌ಸ್ಟನ್ ಇಂಗ್ಲೆಂಡಿನಿಂದ ಹೊರಟು, ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ 1969ರ ಏಪ್ರಿಲ್ 22ಕ್ಕೆ ವಾಪಸಾದರು. ಹಾಗೆ ಸುತ್ತಿದ ಮೊದಲಿಗರು ಅವರು. ಆ 32 ಅಡಿಯ ದೋಣಿ ಸುಹೈಲಿಯನ್ನು ಕಟ್ಟಿದ್ದು ಮುಂಬೈಯಲ್ಲಿ, ತೇಗದ ಮರದಲ್ಲಿ. ಮುತ್ತೋಡಿ ಕಾಡಿನ ತೇಗ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಹೇಳುವಾಗ ಸ್ವಲ್ಪ ಹೆಮ್ಮೆ ಬರುವುದು ಸಹಜ. ಈಗಲೂ ಅದರ ನೆನಪಿಗೆ ನಡೆಯುವ ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ ಹಳೆಯ ವಿನ್ಯಾಸದ ಉದ್ದ ಕೀಲಿನ ದೋಣಿಗಳಿಗೆ ಮಾತ್ರ ಪ್ರವೇಶ. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ 2018ರಲ್ಲಿ ಸುಹೈಲಿಯದೇ ಪ್ರತಿರೂಪವಾದ ತುರೀಯಾದಲ್ಲಿ ಹೋಗಿ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹಾಯಿಕಂಬ ಮುರಿದು ಬೆನ್ನಿಗೆ ಪೆಟ್ಟು ತಿಂದರು. ಮುಂದಿನ ಪಂದ್ಯದಲ್ಲಿ ರಸ್ಲರ್ 36 ಎಂಬ ದೋಣಿಯಲ್ಲಿ ಹೋಗಿ 2023ರಲ್ಲಿ ಎರಡನೆಯವರಾಗಿ ದಡ ಸೇರಿದರು.

ಆದರೆ ಸುಹೈಲಿ ಭೂಮಿ ಸುತ್ತಲು ತೆಗೆದುಕೊಂಡದ್ದು 312 ದಿನ. ಸರಾಸರಿ ತೆಗೆದರೆ ವೇಗ ನಾಲ್ಕು ನಾಟ್, ಅಂದರೆ ಗಂಟೆಗೆ ಏಳೂವರೆ ಕಿಲೋಮೀಟರಿನ ಆಸುಪಾಸು. ಅದೂ ವರ್ಷವಿಡೀ ಗಾಳಿ ಬೀಸುವ ದಕ್ಷಿಣ ಸಾಗರಗಳಲ್ಲಿ. ನಿಮ್ಮ ಕಡಲು ಅದಲ್ಲ.

ನೀವು ಹೋಗುವುದು ನವೆಂಬರಿನಿಂದ ಏಪ್ರಿಲ್ ನಡುವೆ. ಮುಂಗಾರಿನಲ್ಲಿ ನೈಋತ್ಯದ ಗಾಳಿಗೆ ಆ ಕರಾವಳಿ ಪೂರ್ತಿ ತೆರೆದುಕೊಂಡಿರುತ್ತದೆ, ಯಾಂತ್ರಿಕ ಮೀನುಗಾರಿಕೆಗೇ ಜೂನ್ ಜುಲೈ ರಜೆ. ಮೇ ತಿಂಗಳನ್ನೂ ನಂಬಬೇಡಿ, 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಅದೇ ದಾರಿಯಲ್ಲಿ ಹೋಯಿತು. ಉಳಿದ ತಿಂಗಳುಗಳಲ್ಲಿ ಗಾಳಿಯ ದಿನಚರಿ ಹೀಗಿರುತ್ತದೆ: ಬೆಳಗಿನ ಜಾವ ಘಟ್ಟದ ಕಡೆಯಿಂದ ತಣ್ಣನೆಯ ನೆಲಗಾಳಿ, ಹತ್ತು ಗಂಟೆಗೆ ಅದು ಸತ್ತು ನೀರು ಕನ್ನಡಿಯಂತಾಗುತ್ತದೆ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ ಎದ್ದು ನಾಲ್ಕು ಗಂಟೆಗೆ ಜೋರಾಗಿ, ಕತ್ತಲಾದ ಮೇಲೆ ಮಲಗುತ್ತದೆ. ಹಾಯಿ ಕಟ್ಟುತ್ತಿದ್ದ ಕಾಲದ ಮೀನುಗಾರರು ನಸುಕಿನ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ಮನೆಗೆ ಬರುತ್ತಿದ್ದರು. ಡೀಸೆಲ್ ಖರ್ಚಿಲ್ಲ. ನಿಮ್ಮ ಪ್ರಯಾಣದ ಅರ್ಧಕ್ಕಿಂತ ಹೆಚ್ಚು ಹೊತ್ತು ಗಾಳಿ ಹತ್ತು ನಾಟಿಗಿಂತ ಕಡಿಮೆಯೇ ಇರುತ್ತದೆ ಅಂತ ಇಟ್ಟುಕೊಳ್ಳಿ.

ಈಗ ಹಾಯಿಗೂ ತೂಕಕ್ಕೂ ಇರುವ ಅನುಪಾತ ನೋಡೋಣ. ಆರು ಟನ್ನಿನ ದೋಣಿ 5.85 ಘನ ಮೀಟರ್ ಸಮುದ್ರದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಅದರ ಘನಮೂಲ ತೆಗೆದು ವರ್ಗ ಮಾಡಿದರೆ 3.25. ಹಾಯಿಯ 44 ಚದರ ಮೀಟರನ್ನು ಇದರಿಂದ ಭಾಗಿಸಿದರೆ 13.5. ಪ್ರವಾಸದ ದೋಣಿಗೆ 15ರಿಂದ 18 ಇದ್ದರೆ ಸರಿ. 14ಕ್ಕಿಂತ ಕೆಳಗೆ ಬಂದರೆ ಅದು ಹಾಯಿ ಇರುವ ಮೋಟಾರು ದೋಣಿ ಅಂತಲೇ ತಿಳಿಯಿರಿ. ಎರಡನೆಯದಕ್ಕೆ 19 ಬರುತ್ತದೆ, ಚುರುಕು.

ಇದು ಖಾಲಿ ದೋಣಿಯ ಲೆಕ್ಕ. ಕರಪತ್ರದಲ್ಲಿ ಯಾವತ್ತೂ ಖಾಲಿ ದೋಣಿಯೇ ಇರುತ್ತದೆ. ಇಬ್ಬರು ವಾಸ ಮಾಡುವುದಕ್ಕೆ 300 ಲೀಟರ್ ನೀರು, ಅಂದರೆ 300 ಕೆ.ಜಿ. ಲಂಗರಿನ ಎಂಟು ಮಿಲಿಮೀಟರ್ ಸರಪಳಿ 60 ಮೀಟರಿಗೆ ಸುಮಾರು 85 ಕೆ.ಜಿ. ಡೀಸೆಲ್, ಬ್ಯಾಟರಿ, ಹೆಚ್ಚುವರಿ ಲಂಗರು, ಚಿಕ್ಕ ದೋಣಿ, ಅಕ್ಕಿ ಬೇಳೆ, ಉಪ್ಪಿನಕಾಯಿ ಭರಣಿ, ಹತಾರಗಳು. ನೋಡುತ್ತಿದ್ದಂತೆ ಒಂದು ಟನ್ ಏರುತ್ತದೆ. ಮೊದಲ ದೋಣಿಯ ಅನುಪಾತ 12.2ಕ್ಕೆ ಇಳಿಯುತ್ತದೆ. ಬೆಳಗಿನ ಆ ನೆಲಗಾಳಿಯಲ್ಲಿ ಅದು ಕದಲುವುದೇ ಇಲ್ಲ. ಎರಡನೆಯದರದ್ದು 16.9ಕ್ಕೆ ಇಳಿಯುತ್ತದೆ, ಇನ್ನೂ ಪರವಾಗಿಲ್ಲ. ಆದರೆ ಹಗುರ ದೋಣಿಗೆ ಒಂದು ಟನ್ ಅಂದರೆ ಅದರ ಮೈಭಾರದ ಐದನೇ ಒಂದು ಭಾಗ. ನೀರಿನಲ್ಲಿ ಇಳಿದು ಕೂತ ಹಗುರ ದೋಣಿ ಗಬ್ಬದ ಹಸುವಿನ ಹಾಗೆ, ಓಡಿಸಿದರೆ ಪಾಪ. ನೋಡಲು ಹೋದಾಗ ಒಡಲಿನ ಮೇಲಿನ ನೀರಗೆರೆಯನ್ನು ಗಮನಿಸಿ. ಶೆಟ್ಟಿಹಳ್ಳಿಯ ಹಳೇ ಚರ್ಚಿನ ಗೋಡೆಯ ಮೇಲೆ ಹಿನ್ನೀರು ಯಾವ ವರ್ಷ ಎಲ್ಲಿವರೆಗೆ ಬಂದಿತ್ತು ಅಂತ ಕರೆ ಕೂತಿರುತ್ತದಲ್ಲ, ಹಾಗೆ ದೋಣಿಯ ಮೇಲೂ ಇರುತ್ತದೆ. ಬಣ್ಣದ ಗೆರೆಗಿಂತ ಕರೆ ಒಂದು ಗೇಣು ಮೇಲಿದ್ದರೆ, ಹಿಂದಿನ ಯಜಮಾನರು ಎಷ್ಟು ತುಂಬಿಸುತ್ತಿದ್ದರು ಅಂತ ಕೇಳದೆಯೇ ಗೊತ್ತಾಗುತ್ತದೆ.

ಗರಿಷ್ಠ ವೇಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೀರಗೆರೆಯ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವ ನಾಟ್, ಅದೇ ಮಿತಿ. ದೋಣಿ ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ಸಿಕ್ಕಿಕೊಂಡು ಅದನ್ನು ಹತ್ತಲಾರದೆ ಉಳಿಯುತ್ತದೆ. ನಿಮ್ಮವಕ್ಕೆ 6.6 ಮತ್ತು 7.3. ಮುಕ್ಕಾಲು ನಾಟಿನ ವ್ಯತ್ಯಾಸಕ್ಕೆ ಯಾರೂ ಮನೆ ಮಾರಬೇಕಾಗಿಲ್ಲ.

ಅದಕ್ಕಿಂತ ಮುಖ್ಯ, ಗಾಳಿಗೆ ಎದುರು ಹೋಗುವ ಸಾಮರ್ಥ್ಯ. ಮಂಗಳೂರಿನಿಂದ ಗೋವಾ ಸರಿಸುಮಾರು 165 ನಾಟಿಕಲ್ ಮೈಲಿ, ದಿಕ್ಕು ವಾಯವ್ಯಕ್ಕೆ ವಾಲಿದ ಉತ್ತರ. ಮಧ್ಯಾಹ್ನದ ಗಾಳಿಯೂ ವಾಯವ್ಯದ್ದೇ. ಯಾವ ಹಾಯಿದೋಣಿಯೂ ನೇರ ಗಾಳಿಗೆ ಮುಖ ಕೊಟ್ಟು ಹೋಗಲಾರದು. ಘಾಟಿ ರಸ್ತೆಯ ತಿರುವುಗಳ ಹಾಗೆ ಆ ಕಡೆ ಈ ಕಡೆ ಓರೆಯಾಗಿ ಹೋಗಬೇಕು. ಒಳ್ಳೆಯ ಫಿನ್ ಕೀಲಿನ ದೋಣಿ ಗಾಳಿಗೆ 45 ಡಿಗ್ರಿ ಓರೆಯಲ್ಲಿ ಹೋದರೆ, ಅಷ್ಟೂ ದೂರ ಎದುರುಗಾಳಿಯೇ ಸಿಕ್ಕಿತು ಅಂದುಕೊಂಡರೂ 165 ಮೈಲಿ ಸುಮಾರು 233 ಆಗುತ್ತದೆ. ಹಳೆಯ ಉದ್ದ ಕೀಲಿನದು, ಹಾಯಿಗಳೂ ಜೋತುಬಿದ್ದಿದ್ದರೆ, ಪಕ್ಕಕ್ಕೆ ಜಾರುವುದನ್ನೂ ಸೇರಿಸಿ 55 ಡಿಗ್ರಿ ಆಗುತ್ತದೆ. ಆಗ ಅದೇ ದಾರಿ 288 ಮೈಲಿ. ಹತ್ತು ಡಿಗ್ರಿಗೆ ಐವತ್ತೈದು ಮೈಲಿ, ಒಂದು ಹಗಲು ಅಥವಾ ಒಂದು ರಾತ್ರಿ. ಹಿಂದಿನ ಕಾಲದ ಪತ್ತೆಮಾರಿ ಎಂಬ ಸರಕಿನ ಹಾಯಿಹಡಗಿನವರಂತೆ ಗಾಳಿಗಾಗಿ ಕಾದು, ನೆಲಗಾಳಿ ಇರುವ ರಾತ್ರಿಯಲ್ಲೇ ದಾರಿ ಸವೆಸಿದರೆ ಇದು ಎಷ್ಟೋ ಕಮ್ಮಿಯಾಗುತ್ತದೆ. ಕೊಚ್ಚಿಗೆ ಹೋಗುವಾಗ ಗಾಳಿ ಬೆನ್ನಿಗೆ, ಯಾವ ದೋಣಿಯಾದರೂ ಹೋಗುತ್ತದೆ. ವಾಪಸು ಬರುವಾಗ ವಿನ್ಯಾಸದ ಬಣ್ಣ ಬಯಲಾಗುತ್ತದೆ.

ಹಾಗಾದರೆ ಉದ್ದ ಕೀಲಿನಿಂದ ಏನೂ ಪ್ರಯೋಜನವಿಲ್ಲವೇ? ಇದೆ, ನಮ್ಮ ಕರಾವಳಿಯಲ್ಲಿ ಸ್ವಲ್ಪ ಹೆಚ್ಚೇ ಇದೆ. ಕತ್ತಲಲ್ಲಿ ಮೈಲಿಗಟ್ಟಲೆ ಹರಡಿರುವ ಬಲೆಗಳು. ಉದ್ದ ಕೀಲು ಬಲೆಯ ಹಗ್ಗದ ಮೇಲೆ ಜಾರಿಕೊಂಡು ಹೋಗುತ್ತದೆ. ಫಿನ್ ಕೀಲು ಮತ್ತು ನೇತಾಡುವ ಚುಕ್ಕಾಣಿಯ ನಡುವಿನ ಸಂದಿ ಬಲೆಗೆ ಒಡ್ಡಿದ ಕೊಕ್ಕೆಯಂತೆ, ಜೊತೆಗೆ ಪ್ರೊಪೆಲ್ಲರಿಗೂ ಸುತ್ತಿಕೊಳ್ಳುತ್ತದೆ. ಮರಳಿಗೆ ತಾಗಿದರೂ ಉದ್ದ ಕೀಲು ಸಾಧುವಾಗಿ ಕೂರುತ್ತದೆ. ಚುಕ್ಕಾಣಿ ಬಿಟ್ಟು ಚಹಾ ಮಾಡಿಕೊಂಡು ಬಂದರೂ ಅದು ದಾರಿ ಬಿಡುವುದಿಲ್ಲ. ಹಿಂದಕ್ಕೆ ಹೋಗಿಸಬೇಕಾದಾಗ ಮಾತ್ರ ಯಾರ ಮಾತೂ ಕೇಳದು. ಕಿಕ್ಕಿರಿದ ಮೀನುಗಾರಿಕೆ ಬಂದರಿನಲ್ಲಿ ಆ ಗುಣ ನಿಮಗೆ ಒಳ್ಳೆಯ ಹೆಸರು ತರುವುದಿಲ್ಲ.

ಇವೆರಡರ ನಡುವೆ ಒಂದು ಜಾತಿಯಿದೆ: ಮಧ್ಯಮ ಉದ್ದದ ಫಿನ್ ಕೀಲು, ಹಿಂದೆ ಚುಕ್ಕಾಣಿಗೆ ಆಸರೆಯಾಗಿ ಒಡಲಿಗೇ ಸೇರಿದ ಒಂದು ಮೂಳೆ. ಸ್ಕೆಗ್ ಅಂತ ಅದಕ್ಕೆ ಹೆಸರು. ನಾನು ಹೇಳಿದ ಕಾಂಟೆಸ್ಸಾ ಆ ಥರದ್ದೇ. ನಿಮಗೆ ಹುಡುಕಿ ಅಂತ ಹೇಳುವುದೂ ಅದನ್ನೇ.

ಆಳದ ವಿಷಯ ಒಂದೇ ಮಾತು. ನಮ್ಮ ನದಿಗಳ ಅಳಿವೆಗಳಲ್ಲಿ ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ, ಹೋದ ವರ್ಷದ ನಕ್ಷೆ ಈ ವರ್ಷ ಸುಳ್ಳು. 1.95 ಮೀಟರಿನ ಕೀಲು ಇಟ್ಟುಕೊಂಡರೆ ದೊಡ್ಡ ಬಂದರುಗಳು ಮಾತ್ರ ನಿಮ್ಮವು. 1.5 ಮೀಟರ್ ಇದ್ದರೆ ಭರತ ನೋಡಿಕೊಂಡು, ಊರಿನ ಮೀನುಗಾರರೊಬ್ಬರನ್ನು ಮುಂದಿಟ್ಟುಕೊಂಡು, ಎಷ್ಟೋ ಹೊಳೆಗಳ ಒಳಗೆ ಹೋಗಬಹುದು. ಕಿಟಕಿಯಾಚೆ ತೆಂಗಿನ ತೋಟ ಕಾಣುವಂತೆ ಲಂಗರು ಹಾಕಿ ಮಲಗುವ ಸುಖಕ್ಕೇ ಅಲ್ಲವೇ ಈ ಎಲ್ಲ ರಗಳೆ?

ಅಗಲವಾದ ಹಿಂಭಾಗದ ದೋಣಿಗಳ ಒಂದು ದುರ್ಗುಣವನ್ನು ನಾನು ಮೈಮೇಲೆ ಬಿಸಿಚಹಾ ಸುರಿದುಕೊಂಡು ಕಲಿತೆ. ಒಂದು ಫೆಬ್ರವರಿಯಲ್ಲಿ ಪರಿಚಯದವರೊಬ್ಬರ ಹೊಸ 36 ಅಡಿ ದೋಣಿಯಲ್ಲಿ ಕಾರವಾರದಿಂದ ಗೋವಾ ಕಡೆ ಹೊರಟಿದ್ದೆವು. ಮೂರು ಗಂಟೆಗೆ ಹತ್ತು ನಾಟ್ ಇದ್ದ ಗಾಳಿ ನಾಲ್ಕಕ್ಕೆ ಇಪ್ಪತ್ತಾಯಿತು. ಗಾಳಿ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಚಹಾ ಮುಗಿಸಿ ಹಾಯಿ ಕಿರಿದು ಮಾಡೋಣ ಅಂದುಕೊಂಡೆ. ದೋಣಿ ಮೂವತ್ತು ಡಿಗ್ರಿ ವಾಲಿತು. ಅಂಥ ದೋಣಿ ವಾಲಿದಾಗ ಹಿಂಭಾಗದ ಅಗಲವೆಲ್ಲ ಒಂದು ಕಡೆ ನೀರಿಗೆ ಕೂತು ಹಿಂಬದಿಯನ್ನು ಎತ್ತುತ್ತದೆ, ಮೂತಿ ನೀರಿಗೆ ಒತ್ತುತ್ತದೆ, ನಡುಮಧ್ಯದಲ್ಲಿರುವ ಒಂದೇ ಚುಕ್ಕಾಣಿ ಅರ್ಧ ಗಾಳಿಯಲ್ಲಿ. ಇದ್ದಕ್ಕಿದ್ದಂತೆ ದೋಣಿ ಮೂಗುದಾರ ಕಿತ್ತುಕೊಂಡ ಹೋರಿಯಂತೆ ಗಾಳಿಯ ಕಡೆ ತಿರುಗಿ ನಿಂತಿತು. ಅಪಾಯವೇನೂ ಆಗಲಿಲ್ಲ. ಹಾಯಿಗಳು ಬಡಿದುಕೊಂಡ ಸದ್ದಿಗೆ ಒಳಗೆ ಮಲಗಿದ್ದವರು ಎದ್ದು ಬಂದರು, ನನ್ನ ಪ್ಯಾಂಟು ಹಾಳಾಯಿತು.

ಗಾಳಿಯ ಕಡೆ ತಿರುಗುವ ಸ್ವಭಾವ ಸ್ವಲ್ಪ ಇರಲೇಬೇಕು. ಚುಕ್ಕಾಣಿ ಹಿಡಿದವನು ನೀರಿಗೆ ಬಿದ್ದರೂ ದೋಣಿ ತಾನಾಗಿ ಗಾಳಿಗೆ ಮುಖ ಮಾಡಿ ನಿಧಾನವಾಗುತ್ತದೆ. ಚುಕ್ಕಾಣಿಯಲ್ಲಿ ಮೂರು ನಾಲ್ಕು ಡಿಗ್ರಿ ಹಿಡಿದರೆ ಸರಿಹೋಗುವಷ್ಟಿದ್ದರೆ ಅದು ಗುಣ, ಎರಡೂ ಕೈ ಬೇಕಾದರೆ ರೋಗ. ಹಾಯಿಗಳ ಒತ್ತಡದ ಕೇಂದ್ರಕ್ಕೂ ನೀರಿನೊಳಗಿನ ಒಡಲಿನ ತಡೆಯ ಕೇಂದ್ರಕ್ಕೂ ನಡುವಿನ ಅಂತರದಿಂದ ಇದು ಬರುತ್ತದೆ. ವಿನ್ಯಾಸಕಾರ ಈ ಅಂತರವನ್ನು ಕಾಗದದ ಮೇಲೆ ಸ್ವಲ್ಪ ಅನುಭವದಿಂದ, ಸ್ವಲ್ಪ ದೇವರ ಮೇಲೆ ಭಾರ ಹಾಕಿ ಇಡುತ್ತಾನೆ. ಹಾಯಿ ಹಳತಾಗಿ ಹೊಟ್ಟೆ ಬಂದರೆ ರೋಗ ಉಲ್ಬಣಿಸುತ್ತದೆ. ಎಷ್ಟೋ ಸಲ ದೋಣಿಯದಲ್ಲ, ಹಾಯಿಯದೇ ತಪ್ಪು.

ಹಾಯಿಕಂಬ ಒಂದೇ ಇರಲಿ. ಎರಡು ಕಂಬದ ದೋಣಿ ಚಂದ ಕಾಣುತ್ತದೆ, 32 ಅಡಿಗೆ ಅದು ಬರೀ ಖರ್ಚು. ಬೇಲೂರಿನ ದೇವಸ್ಥಾನದ ಅಂಗಳದಲ್ಲಿ 42 ಅಡಿಯ ಕಲ್ಲಿನ ಕಂಬ ತನ್ನ ಭಾರದಲ್ಲೇ ನಿಂತಿದೆ. ಹೆಚ್ಚುಕಮ್ಮಿ ಅಷ್ಟೇ ಎತ್ತರದ ಹಾಯಿಕಂಬ ನಿಲ್ಲುವುದು ಮಾತ್ರ ಬೆರಳಿಗಿಂತ ಸಣ್ಣ ಉಕ್ಕಿನ ತಂತಿಗಳ ಬಿಗಿಯಲ್ಲಿ. ಒಂದು ತಂತಿ ಕಿತ್ತರೆ ಇಡೀ ಕಂಬ ಹೋಯಿತು. ಉಪ್ಪು ಮತ್ತು ಸೆಕೆಯ ನಮ್ಮ ಕಡಲಲ್ಲಿ ಸ್ಟೇನ್‌ಲೆಸ್ ತಂತಿಗಳಿಗೆ ಹತ್ತು ವರ್ಷ ದಾಟಿದ್ದರೆ, ಹೊಳೆಯುತ್ತಿದ್ದರೂ, ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ. ಕೀಲಿನ ಬೋಲ್ಟುಗಳೂ ಅಷ್ಟೇ. 2014ರಲ್ಲಿ ಚೀಕಿ ರಫೀಕಿ ಎಂಬ ದೋಣಿಯ ಕೀಲು ಅಟ್ಲಾಂಟಿಕ್ ಮಧ್ಯೆ ಕಳಚಿ ನಾಲ್ವರು ಹೋದರು. ಹಿಂದೆ ಯಾವಾಗಲಾದರೂ ಕೀಲು ನೆಲಕ್ಕೆ ಬಡಿದಿತ್ತೇ ಅಂತ ಕೇಳಿ, ಮಾರುವವರ ಮುಖ ನೋಡುತ್ತಾ ಕೇಳಿ. ಒಳಗಿನ ಮಂಚ, ಅಡುಗೆಮನೆ, ಫ್ರಿಜ್ಜು ಇವುಗಳ ಬಗ್ಗೆ ನನಗೆ ಅಭಿಪ್ರಾಯವಿಲ್ಲ, ಅವನ್ನು ಯಾವಾಗ ಬೇಕಾದರೂ ಬದಲಿಸಬಹುದು.

ಈಗ ಮೂರನೇ ದೋಣಿ ಹುಡುಕುವಾಗ ಜೇಬಿನಲ್ಲಿರಬೇಕಾದ ಅಂಕಿಗಳು. ನೀರಗೆರೆ 25ರಿಂದ 28 ಅಡಿ. ಬ್ಯಾಲಸ್ಟ್ ಒಟ್ಟು ತೂಕದ ಶೇ. 35ರಿಂದ 42 (ನಿಮ್ಮವು ಶೇ. 40 ಮತ್ತು 28). ಹಾಯಿಯ ಅನುಪಾತ ಖಾಲಿಯಿದ್ದಾಗ 16.5ರಿಂದ 18. ತೂಕಕ್ಕೂ ಉದ್ದಕ್ಕೂ ಇನ್ನೊಂದು ಅನುಪಾತವಿದೆ: ನೀರಗೆರೆಯ ಅಡಿಯನ್ನು ನೂರರಿಂದ ಭಾಗಿಸಿ ಘನ ಮಾಡಿ, ಬ್ರಿಟಿಷ್ ಟನ್ನಿನ (1,016 ಕೆ.ಜಿ.) ಲೆಕ್ಕದ ತೂಕವನ್ನು ಅದರಿಂದ ಭಾಗಿಸಬೇಕು. ನಿಮ್ಮ ಮೊದಲನೆಯದಕ್ಕೆ 400, ಎರಡನೆಯದಕ್ಕೆ 190. ಮೊದಲನೆಯದು ಅಲೆಯ ಮೇಲೆ ಮೆತ್ತಗೆ ಏರಿಳಿಯುತ್ತದೆ, ಎರಡನೆಯದು ಕೆಟ್ಟ ರಸ್ತೆಯಲ್ಲಿ ಖಾಲಿ ಪಿಕಪ್ಪಿನಂತೆ ಕುಕ್ಕುತ್ತದೆ. 230ರಿಂದ 290ರ ನಡುವೆ ನೋಡಿ. ಆಳ 1.4ರಿಂದ 1.65 ಮೀಟರ್. ಮಗುಚುವ ಸೂತ್ರ 1.9ರ ಒಳಗೆ. ಈ ಅಂಕಿಗಳ ದೋಣಿಗಳು 1980, 90ರ ದಶಕದಲ್ಲಿ ಬೇಕಾದಷ್ಟು ತಯಾರಾದವು, ಬೆಲೆಯೂ ನಿಮ್ಮ ಎರಡನೇ ದೋಣಿಗಿಂತ ಕಮ್ಮಿಯೇ ಇರಬೇಕು.

ಅದಕ್ಕೂ ಮುಂಚೆ, ಕೊಳ್ಳುವುದಕ್ಕೆ ಇನ್ನೂ ಎರಡು ವರ್ಷ ಇದೆ ಅಂದಿರಲ್ಲ. ಒಬ್ಬರೇ ನಡೆಸುವ ಹನ್ನೆರಡು ಹದಿನಾಲ್ಕು ಅಡಿಯ ಪುಟ್ಟ ಹಾಯಿದೋಣಿಯಲ್ಲಿ ಒಂದು ಹಂಗಾಮು ಕಲಿಯಿರಿ. ಗೋವಾದಲ್ಲಿ, ಮುಂಬೈಯಲ್ಲಿ ಕಲಿಸುವವರಿದ್ದಾರೆ. ಹತ್ತು ಸಲ ಮಗುಚಿ ನೀರಿಗೆ ಬಿದ್ದ ಮೇಲೆ ನಾನು ಮೇಲೆ ಬರೆದದ್ದೆಲ್ಲ ಬೆನ್ನುಮೂಳೆಗೆ ಅರ್ಥವಾಗಿರುತ್ತದೆ.

ದೋಣಿ ನೋಡಲು ಹೋಗುವುದು ಮಧ್ಯಾಹ್ನ ಮೂರರ ಮೇಲಿರಲಿ, ಗಾಳಿ ಏಳುವ ಹೊತ್ತಿಗೆ. ಮಾರುವವರು ಬೆಳಿಗ್ಗೆ ಬನ್ನಿ ಅಂತಾರೆ, ಒಪ್ಪಬೇಡಿ. ಹೊರಗೆ ಹೋಗಿ ಚುಕ್ಕಾಣಿ ಒಂದು ನಿಮಿಷ ಬಿಟ್ಟು ನೋಡಿ. ಮುಂದಿನ ಹಾಯಿಯನ್ನು ಗಾಳಿ ಬರುವ ಕಡೆಗೆ ಎಳೆದು ಕಟ್ಟಿ, ಚುಕ್ಕಾಣಿ ಒಂದು ಕಡೆ ಬಿಗಿದು, ದೋಣಿ ನಡುನೀರಿನಲ್ಲಿ ಸುಮ್ಮನೆ ನಿಲ್ಲುತ್ತದೆಯೇ ನೋಡಿ. ಸುಸ್ತಾದಾಗ ಅನ್ನ ಉಣ್ಣಲು, ನಿದ್ದೆ ಮಾಡಲು ಆ ಗುಣ ಬೇಕೇ ಬೇಕು, ತೆಳು ಕೀಲಿನ ಹಗುರ ದೋಣಿಗಳು ಅದಕ್ಕೆ ಸುಲಭಕ್ಕೆ ಒಪ್ಪುವುದಿಲ್ಲ. ಆಮೇಲೆ ನೀವು ಕೈಕಟ್ಟಿ ಒಂದು ಮೂಲೆಯಲ್ಲಿ ಕೂತುಬಿಡಿ. ನಿಮ್ಮ ಮನೆಯವರು ಒಬ್ಬರೇ ದೊಡ್ಡ ಹಾಯಿಯನ್ನು ಕಿರಿದು ಮಾಡಿ, ಪೂರ್ತಿ ಇಳಿಸಿ, ಎಂಜಿನ್ ಹಚ್ಚಿ ದೋಣಿಯನ್ನು ಬಂದರಿನ ಕಡೆ ತಿರುಗಿಸಲಿ. ಅವರಿಂದ ಆಗದಿದ್ದರೆ, ಅಂಕಿಗಳೆಲ್ಲ ಸರಿಯಿದ್ದರೂ, ಆ ದೋಣಿ ಬಿಟ್ಟು ಮುಂದಿನದನ್ನು ನೋಡಿ.